ಬಾಯಿ ತೊಳೆಯುವ ಮುನ್ನ

ಯಾರು ಏನು ಹೇಳಿದರೂ ಒಮ್ಮೆಗೇ ನಂಬುವ ಅಭ್ಯಾಸ ನನಗಿಲ್ಲ. ಬಸ್ಸಿನ ಬೋರ್ಡಿನ ಮೇಲೆ ‘ರಾಯಚೂರು’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಕಂಡಕ್ಟರನ್ನು ಕೇಳಿ, ಪಕ್ಕದ ಸೀಟಿನವರನ್ನೂ ಕೇಳಿ, ಆಮೇಲೆ ಕೂರುವವಳು ನಾನು. ಮನೆಯವರು ಇದನ್ನು ಸಂಶಯದ ರೋಗ ಎನ್ನುತ್ತಾರೆ. ನನಗೆ ನಿಜವಾಗಿ ಬಂದದ್ದು ಕರುಳಿನ ರೋಗ. ಅದರಿಂದ ನಾನು ಉಳಿದುಕೊಂಡದ್ದರಲ್ಲಿ ಮಾತ್ರೆಗಳ ಪಾಲು ಎಷ್ಟಿದೆಯೋ ಈ ಸಂಶಯದ ಪಾಲೂ ಅಷ್ಟೇ ಇದೆ ಎಂದರೆ ಡಾಕ್ಟರರು ನಗಬಹುದು. ನಗಲಿ ಬಿಡಿ.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಬರೆಯುತ್ತಿರುವುದಕ್ಕೆ ಕಾರಣ ನಮ್ಮ ಓಣಿಯ ಒಬ್ಬ ಸೊಸೆ. ಮೊನ್ನೆ ಎಕ್ಸ್‌ರೇ ಕವರನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಂದು, ಬಾಗಿಲು ಹಾಕಿಸಿ, “ಅಕ್ಕಾರ, ನಿಮಗೂ ಇದ ಆಗಿತ್ತಂತ, ಖರೇ ಏನ್ರಿ?” ಎಂದು ಕೇಳಿದಳು. ಖರೇ ಎಂದೆ. ಅವಳು ಅಲ್ಲೇ ಕೂತು ಅತ್ತಳು. ಅವಳಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಎಂಬತ್ತರ ದಶಕದ ಆರಂಭದ ವರ್ಷಗಳು ಅವು. ಮಾನ್ವಿಯಲ್ಲಿ ನಾನು ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯ ಟೀಚರು. ನಮ್ಮವರು ತಹಶೀಲ್ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು, ಇನ್ನೂ ಶಾಲೆಗೆ ಹೋಗದ ಮಗಳು ಪದ್ದಿ, ಮತ್ತು ಅತ್ತೆ. ಅತ್ತೆ ಗಂಡನನ್ನು ಕಳೆದುಕೊಂಡ, ಕಟ್ಟುನಿಟ್ಟಿನ ಮಡಿಯ ಹೆಂಗಸು. ಬೆಳಿಗ್ಗೆ ಎದ್ದು ಬಾಯಿ ತೊಳೆದು, ಸ್ನಾನ ಮಾಡಿ, ತುಳಸಿಗೆ ನೀರು ಹಾಕಿ ತೀರ್ಥ ತೆಗೆದುಕೊಳ್ಳುವವರೆಗೆ ಯಾರೊಂದಿಗೂ ಒಂದು ಮಾತು ಆಡುತ್ತಿರಲಿಲ್ಲ. ಅಡುಗೆ ಮನೆ ಪೂರ್ತಿ ಅವರದು. ಕಟ್ಟಿಗೆ ಒಲೆ ಊದಿ ಊದಿ ಅವರಿಗೊಂದು ಕೆಮ್ಮಿತ್ತು. ಆ ಕಾಲದ ಅಡುಗೆ ಮನೆಗಳಲ್ಲಿ ಹೊಗೆಯ ಕೆಮ್ಮು ಇಲ್ಲದ ಹೆಂಗಸು ಯಾರಿದ್ದಳು? ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನ ತೊಂದರೆ ಶುರುವಾದದ್ದು ಹೊಕ್ಕುಳ ಸುತ್ತಲಿನ ನೋವಿನಿಂದ. ಉಂಡು ಸ್ವಲ್ಪ ಹೊತ್ತಾದರೆ ಸಾಕು, ಒದ್ದೆ ಬಟ್ಟೆ ಹಿಂಡಿದ ಹಾಗೆ ಯಾರೋ ಕರುಳು ಹಿಂಡುತ್ತಿದ್ದರು. ಆಮೇಲೆ ಹೊಟ್ಟೆಯೊಳಗೆ ಗುಡುಗುಡು ಸದ್ದಾಗಿ ನೋವು ತಾನೇ ಇಳಿಯುತ್ತಿತ್ತು. ತರಗತಿಯಲ್ಲಿ ಮುಂದಿನ ಸಾಲಿನ ಹುಡುಗಿಯರಿಗೆ ಆ ಸದ್ದು ಕೇಳಿ, ಅವರು ನಗು ತಡೆಯಲಾರದೆ ಪಾಟಿಯ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಸಂಜೆಗೆ ಸಣ್ಣ ಜ್ವರ. ಕೈ ಸೊರಗಿ ಬಳೆಗಳು ಮೊಣಕೈವರೆಗೂ ಜಾರತೊಡಗಿದವು. ಊರಿನ ಡಾಕ್ಟರು ಮೊದಲು ಹುಳದ ಔಷಧ ಕೊಟ್ಟರು, ಆಮೇಲೆ ಆಮಶಂಕೆಯ ಮಾತ್ರೆ ಕೊಟ್ಟರು, ಕೊನೆಗೆ ಕಾಲುವೆ ನೀರನ್ನು ಬೈದು ಸುಮ್ಮನಾದರು.

ಸುದ್ದಿ ತಿಳಿದು ದೇವದುರ್ಗದಿಂದ ನಮ್ಮವ್ವ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದವಳು, ಅತ್ತೆ ಹಿತ್ತಲಿಗೆ ಹೋದದ್ದೇ ತಡ, ಕಿವಿಯ ಹತ್ತಿರ ಬಂದಳು.

“ಇಂದೂ, ಇದು ಬ್ಯಾನಿ ಅಲ್ಲವಾ. ನಿನಗ ಯಾರೋ ಮದ್ದು ಹಾಕ್ಯಾರ.”

ನಮ್ಮ ಕಡೆ ಮದ್ದು ಹಾಕಿದ್ದಾರೆ ಎಂದರೆ ಔಷಧ ಕೊಟ್ಟಿದ್ದಾರೆ ಎಂದಲ್ಲ. ಆಗದವರು ಅನ್ನದಲ್ಲೋ ಹೋಳಿಗೆಯಲ್ಲೋ ಏನೋ ಕಲೆಸಿ ತಿನ್ನಿಸುತ್ತಾರೆ, ಅದು ಕರುಳಿಗೆ ಅಂಟಿಕೊಂಡು ಮನುಷ್ಯನನ್ನು ಒಳಗಿಂದಲೇ ಒಣಗಿಸುತ್ತದೆ ಎಂಬ ನಂಬಿಕೆ. ಅದನ್ನು ವಾಂತಿ ಮಾಡಿಸಿ ತೆಗೆಯುವವರೂ ಇದ್ದಾರೆ. ಅವ್ವ ಅತ್ತೆಗೆ ದೇವರ ಹರಕೆ ಎಂದು ಸುಳ್ಳು ಹೇಳಿ, ದೇವದುರ್ಗದ ಆಚೆಯ ಒಂದು ಹಳ್ಳಿಗೆ ನನ್ನನ್ನು ಕರೆದುಕೊಂಡು ಹೋದಳು. ಅಲ್ಲೊಬ್ಬ ಮುದುಕ ಯಾವುದೋ ಕಹಿ ರಸ ಕುಡಿಸಿದ. ಮೊರದಲ್ಲಿ ಬೂದಿ ಹರಡಿ ಅದರ ಮೇಲೆ ವಾಂತಿ ಮಾಡಿಸಿದ. ಆಮೇಲೆ ಬೂದಿಯಲ್ಲಿ ಬೆರಳಾಡಿಸಿ ಕೂದಲು ಸುತ್ತಿದ ಒಂದು ಕರಿ ಉಂಡೆ ಎತ್ತಿ ತೋರಿಸಿದ.

“ನೋಡಬೇ ಯವ್ವಾ, ಹೊರಗ ಬಂತು. ಹಾಕಿದ್ದು ಹೊರಗಿನವರಲ್ಲ. ಬಳಿ ಇಲ್ಲದ ಕೈ ಐತಿ.”

ಅವ್ವ ನನ್ನ ಮುಖ ನೋಡಿದಳು. ಬಳೆಯಿಲ್ಲದ ಕೈ ನಮ್ಮ ಮನೆಯಲ್ಲಿ ಯಾರದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಮಾತ್ರ ಉಂಡೆಯನ್ನೇ ನೋಡುತ್ತಿದ್ದೆ. ಬೂದಿಯೆಲ್ಲ ನೆನೆದು ಕೆಸರಾಗಿತ್ತು, ಉಂಡೆ ಒಣಗಿತ್ತು. ನನ್ನ ಹೊಟ್ಟೆಯಿಂದ ಬಂದದ್ದು ಒಣಗಿರುವುದು ಹೇಗೆ? ಕೇಳಿಯೇಬಿಟ್ಟೆ. ಮುದುಕ ಸಿಟ್ಟಾದ, ಅವ್ವ ನನ್ನ ತೊಡೆ ಚಿವುಟಿದಳು. ಆದರೆ ಉಂಡೆಯನ್ನು ನಂಬದ ನನ್ನ ಮನಸ್ಸಿನಲ್ಲಿ ಆ ಮಾತು ಮಾತ್ರ ಕೂತುಬಿಟ್ಟಿತು. ಮನೆಗೆ ಬಂದ ಮೇಲೆ ಅತ್ತೆ ಬಡಿಸಿದ ಅನ್ನವನ್ನು ಕೆದಕಿ ಕೆದಕಿ ನೋಡತೊಡಗಿದೆ. ನಾನು ತಟ್ಟೆಯಲ್ಲಿ ಬಿಡುವುದನ್ನು ಅತ್ತೆಯೂ ಕಂಡರು.

“ನನ್ನ ಕೈ ಊಟ ಯಾಕೋ ಸೇರವಲ್ದು ಟೀಚರಿಗೆ,” ಎಂದು ಗೋಡೆಗೆ ಹೇಳಿದರು. ನನ್ನ ಹೆಸರು ಬಿಟ್ಟು ‘ಟೀಚರು’ ಎಂದರೆ ಸಿಟ್ಟು ನೆತ್ತಿಗೇರಿದೆ ಎಂದರ್ಥ.

ಅವರಿಗೂ ಅವರದೇ ಒಂದು ಸಂಶಯವಿತ್ತು. ನನ್ನ ಅಪ್ಪ ನಾನು ಚಿಕ್ಕವಳಿದ್ದಾಗಲೇ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದ. ದಮ್ಮು ಎಂದು ಮನೆಯಲ್ಲಿ ಹೇಳುತ್ತಿದ್ದರು. ಅದು ದಮ್ಮಲ್ಲ, ಕ್ಷಯ, ಅದನ್ನು ಮುಚ್ಚಿಟ್ಟು ರೋಗದ ಮನೆಯ ಹೆಣ್ಣನ್ನು ತಮ್ಮ ಮಗನ ಕೊರಳಿಗೆ ಕಟ್ಟಿದ್ದಾರೆ ಎಂದು ಅತ್ತೆ ಲೆಕ್ಕ ಹಾಕಿದ್ದರು. ಒಂದು ಸಂಜೆ ಪದ್ದಿಯ ಹಾಸಿಗೆ ಸುತ್ತಿಕೊಂಡು ತಮ್ಮ ಕೋಣೆಗೆ ಒಯ್ದರು.

“ಕೂಸು ಇವತ್ತಿಂದ ನನ್ನ ಮಗ್ಗಲಾಗ ಮಲಗ್ತದ. ನಿನ್ನ ಬ್ಯಾನಿ ಏನಂತ ಗೊತ್ತಾಗೂತನಕ ಅದನ್ನ ಮುಟ್ಟಬ್ಯಾಡ.”

ನಮ್ಮವರು ತಮ್ಮ ಅವ್ವನ ಮಾತಿಗೂ ಹೂಂ ಎಂದರು, ನನ್ನ ಅಳುವಿಗೂ ಹೂಂ ಎಂದರು. ಆ ಮನುಷ್ಯನ ಸ್ವಭಾವವೇ ಅದು. ಗೋಡೆಯ ಆಚೆ ಪದ್ದಿ ಅಜ್ಜಿಯ ಕಥೆ ಕೇಳುತ್ತ ಕಿಲಕಿಲ ನಗುವುದು ಕೇಳಿಸುತ್ತಿತ್ತು. ಹೊಟ್ಟೆಯ ನೋವು ಏನೂ ಅಲ್ಲ ಎನ್ನಿಸುವಷ್ಟು ಅದು ನನ್ನನ್ನು ಸುಟ್ಟಿತು.

ಒಂದು ದಿನ ಶಾಲೆಯಲ್ಲೇ ಹಸಿರು ವಾಂತಿಯಾಗಿ ಬಿದ್ದೆ. ಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು. ರಾಯಚೂರಿನ ದೊಡ್ಡ ದವಾಖಾನೆಗೆ ಸೇರಿಸಿದರು. ಮೂಗಿನಲ್ಲಿ ನಳಿಕೆ ಹಾಕಿ ಹೊಟ್ಟೆಯಲ್ಲಿದ್ದುದನ್ನೆಲ್ಲ ತೆಗೆದ ಮೇಲೆ ಉಬ್ಬರ ಇಳಿಯಿತು. ಆಮೇಲೆ ಶುರುವಾದದ್ದು ಕಾಯುವ ಕೆಲಸ. ಎಕ್ಸ್‌ರೇ ಕೋಣೆಯ ಹೊರಗಿನ ಉದ್ದದ ಹಾಲಿನಲ್ಲಿ ಎಲ್ಲರೂ ಗೋಡೆಗೆ ಒರಗಿ ಕೂತು ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಿದ್ದೆವು. ಇವಳಿಗೇನಾಗಿದೆ, ನನಗೆ ಅಂಟುತ್ತದೆಯೋ ಏನೋ ಎಂಬ ನೋಟ ಅದು. ದೊಡ್ಡ ಡಾಕ್ಟರು ನಮ್ಮವರನ್ನು ಬಾಗಿಲಾಚೆ ಕರೆದು ಏನೋ ಹೇಳಿದರು. ಒಳಗೆ ಬಂದವರು ನನ್ನ ಕಣ್ಣು ತಪ್ಪಿಸಿ, “ಕರುಳಿಗೆ ಸ್ವಲ್ಪ ಬಾವು ಬಂದದಂತ, ಅಷ್ಟ,” ಎಂದರು. ಬಾವು ಮಾತ್ರ ಆದರೆ ಈ ಮನುಷ್ಯ ಪೇಟೆಯ ತೀನ್ ಕಂದೀಲ್ ಚೌಕದ ತನಕ ಬಿಸಿಲಲ್ಲಿ ನಡೆದುಹೋಗಿ ನನಗಾಗಿ ಮೋಸಂಬಿ ತರುತ್ತಿರಲಿಲ್ಲ. ಸಾಯುವ ರೋಗವೇ ಇರಬೇಕು ಎಂದುಕೊಂಡೆ.

ಪಕ್ಕದ ಹಾಸಿಗೆಯಲ್ಲಿ ಖೈರುನ್ಬಿ ಇದ್ದಳು. ನಮ್ಮ ಮಾನ್ವಿಯ ಪೇಟೆಯಲ್ಲೇ ಬಳೆ ಅಂಗಡಿಯವರ ಮನೆಯವಳು. ಅವಳಿಗೂ ನನ್ನದೇ ತೊಂದರೆ. ಎಕ್ಸ್‌ರೇಗೆ ಮೊದಲು ಸುಣ್ಣದ ನೀರಿನಂಥ ಬಿಳಿ ಔಷಧವನ್ನು ದೊಡ್ಡ ಗ್ಲಾಸಿನಲ್ಲಿ ಕೊಟ್ಟಾಗ ನಾನು ಮೂಸಿ ಕೆಳಗಿಟ್ಟೆ. ಖೈರುನ್ಬಿ ನಕ್ಕಳು.

“ಅಕ್ಕಾ, ನಾ ನಿನ್ನೆ ಕುಡದೀನಿ. ನೋಡು, ಸತ್ತಿಲ್ಲ. ಅಲ್ಲಾಕಿ ಕಸಮ್, ರುಚಿ ಮಾತ್ರ ಭಾಳ ಖರಾಬ್ ಐತಿ.”

ಅವಳನ್ನು ನಂಬಿ ಕುಡಿದೆ. ಆ ದವಾಖಾನೆಯಲ್ಲಿ ನಾನು ಮೊದಲು ನಂಬಿದ್ದು ಅವಳನ್ನೇ.

ದೊಡ್ಡ ಡಾಕ್ಟರ ಕೈಕೆಳಗೆ ಇನ್ನೊಬ್ಬರು ಸಣ್ಣ ಡಾಕ್ಟರು ಇದ್ದರು. ಹೈದರಾಬಾದಿನಲ್ಲಿ ಓದಿ ಬಂದ ತೆಳ್ಳಗಿನ ಯುವಕ. ಕರುಳಿನ ಕಾಯಿಲೆಗಳ ಬಗ್ಗೆ ಏನೋ ಶೋಧ ಮಾಡುತ್ತಾರೆಂದು, ಅದಕ್ಕಾಗಿ ಬಡವರ ಕರುಳು ಕೂಡಿಹಾಕುತ್ತಾರೆಂದು ವಾರ್ಡಿನ ಆಯಾ ಕಣ್ಣು ದೊಡ್ಡದು ಮಾಡಿ ಹೇಳಿದ್ದಳು. ಅವರು ಕೇಳುವ ಪ್ರಶ್ನೆಗಳೂ ವಿಚಿತ್ರವಾಗಿರುತ್ತಿದ್ದವು. ಹಾಲು ಕಾಯಿಸಿ ಕುಡಿಯುತ್ತೀರಾ? ಮನೆಯಲ್ಲಿ ಎಷ್ಟು ಕಿಟಕಿ? ಯಾರ ಜೊತೆ ಮಲಗುತ್ತೀರಿ? ಹೊಟ್ಟೆ ನೋವಿಗೂ ಕಿಟಕಿಗೂ ಏನು ಸಂಬಂಧ ಎಂದು ನಾನು ಅರ್ಧಕ್ಕೆ ಉತ್ತರ ಕೊಟ್ಟು ಅರ್ಧ ನುಂಗುತ್ತಿದ್ದೆ.

ಒಂದು ಮಧ್ಯಾಹ್ನ ನನ್ನ ಹಾಸಿಗೆಯ ಪಕ್ಕದಲ್ಲೇ ಇಬ್ಬರು ಡಾಕ್ಟರರೂ ಇಂಗ್ಲಿಷಿನಲ್ಲಿ ವಾದ ಮಾಡಿದರು. ನಾನು ಟೀಚರು ಎಂಬುದನ್ನು ಅವರು ಮರೆತಿದ್ದರು. ಕೊಯ್ದು ಆ ಭಾಗ ತೆಗೆದುಬಿಡೋಣ ಎಂದು ದೊಡ್ಡವರು. ಬೇಡ, ಮಾತ್ರೆಯಿಂದಲೇ ತೆರೆದುಕೊಳ್ಳುತ್ತದೋ ನೋಡೋಣ ಎಂದು ಸಣ್ಣವರು. ದೊಡ್ಡವರು ಹೋದ ಮೇಲೆ ನಾನು ಎದ್ದು ಕೂತೆ.

“ನನ್ನ ಮ್ಯಾಲೆ ಪ್ರಯೋಗ ಮಾಡ್ಲಿಕ್ಕತ್ತೀರೇನ್ರಿ?”

ಅವರು ನನ್ನನ್ನು ನಿಧಾನಕ್ಕೆ ನಡೆಸಿಕೊಂಡು ತಮ್ಮ ಕೋಣೆಗೆ ಕರೆದುಕೊಂಡು ಹೋದರು. ಆಯಾ ಹೇಳಿದ್ದು ಸುಳ್ಳಾಗಿರಲಿಲ್ಲ. ಕಪಾಟಿನಲ್ಲಿ ಗಾಜಿನ ಭರಣಿಗಳು, ಅವುಗಳೊಳಗೆ ಬಿಳಚಿಕೊಂಡ ಕರುಳಿನ ತುಂಡುಗಳು. ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಅಗಲವಾಗಿರಬೇಕಾದ ಕರುಳು ಒಂದು ಕಡೆ ಶಾವಿಗೆ ಎಳೆಯಷ್ಟಾಗಿರುವುದನ್ನು ತೋರಿಸಿದರು. ಒಂದು ಭರಣಿಯಲ್ಲಿದ್ದ ತುಂಡನ್ನೂ ತೋರಿಸಿ, ಒಳಗೆ ಹೀಗೆ ಆಗಿರುತ್ತದೆ ಎಂದರು.

“ಇದು ಯಾರದ್ರಿ?”

“ಒಬ್ಬ ಪೇಷಂಟಿದು. ಆಪರೇಷನ್ ಆತು. ಈಗ ಆರಾಮ ಇದ್ದಾರ.”

“ತನ್ನ ಕರುಳು ಇಲ್ಲಿ ಭರಣ್ಯಾಗ ಅದ ಅಂತ ಅವರಿಗೆ ಗೊತ್ತದನು?”

ಅವರು ಭರಣಿಯನ್ನು ಒಳಗಿಟ್ಟು ಕಪಾಟು ಮುಚ್ಚಿದರು. ಆ ಮೌನ ನನಗೆ ಯಾಕೋ ಸಮಾಧಾನ ಕೊಟ್ಟಿತು. ಸುಳ್ಳು ಹೇಳುವವರಾಗಿದ್ದರೆ ಹೌದು ಗೊತ್ತಿದೆ ಎಂದುಬಿಡುತ್ತಿದ್ದರು.

“ಕೊಯ್ಯಲಾರದ ನೋಡೋಣ ಅಂತೀರಲ್ಲ, ಅದು ನಿಮಗ ಬರೀಲಿಕ್ಕೆ ಬೇಕಾಗೇದನೋ, ನಾ ಬದುಕ್ಲಿಕ್ಕೆ ಬೇಕಾಗೇದನೋ?”

“ಎರಡಕ್ಕೂ,” ಎಂದರು ಅವರು. “ಮತ್ತ ಹಂಗ ಹೊಟ್ಟಿ ಉಬ್ಬಿತು ಅಂದ್ರ ಅವತ್ತ ಕೊಯ್ಯೋದು. ನಾನು ಅಡ್ಡ ಬರಂಗಿಲ್ಲ.”

ಹಾಗಾದರೆ ನನ್ನದೊಂದು ಕರಾರು ಎಂದೆ. ಯಾರ ಮೈಯ ವಿಷಯವೋ ಅವರಿಗೆ ಮೊದಲು ಹೇಳಬೇಕು. ಗಂಡನಿಗಲ್ಲ, ಅತ್ತೆಗಲ್ಲ. ಅವರು ಒಪ್ಪಿ, ಅಲ್ಲೇ ನಿಂತು ನನ್ನ ರೋಗದ ಹೆಸರು ಹೇಳಿದರು. ಕರುಳಿನ ಕ್ಷಯ. ವಾಸಿಯಾಗುತ್ತದೆ, ತಿಂಗಳುಗಟ್ಟಲೆ ಮಾತ್ರೆ ಬಿಡದೆ ನುಂಗಬೇಕು.

ಸಾಯುವುದಿಲ್ಲ ಎಂಬ ಸಂತೋಷ ಒಂದು ಗಳಿಗೆಯೂ ಉಳಿಯಲಿಲ್ಲ. ಕ್ಷಯ ಎಂದರೆ ಅತ್ತೆಯ ಮಾತೇ ನಿಜವಾಯಿತು. ನನ್ನ ಮಗಳು ನನ್ನ ಕೈತಪ್ಪಿದಳು.

“ಅಪ್ಪನಿಂದ ಬಂತೇನ್ರಿ?”

“ಅಷ್ಟು ಹಳೇದು ಹೇಳೋದು ಕಷ್ಟ. ನಿಮ್ಮ ಜೋಡಿ ಈಗ ಇರೋರ ಪೈಕಿ ಯಾರಿಗರ ಇರಬಹುದು. ಮನ್ಯಾಗಿನ ಎಲ್ಲಾರ ಕಫ ನೋಡಬೇಕು. ಕೆಮ್ಮಿನಿಂದ ಹರಡೋ ಜಡ್ಡು ಇದು. ನಿಮ್ಮದು ಹೊಟ್ಟ್ಯಾಗದ, ಎದಿ ಸ್ವಚ್ಛ ಅದ, ನಿಮ್ಮಿಂದ ಕೂಸಿಗೆ ಹೆದರಿಕಿ ಇಲ್ಲ. ಯಾರು ಕೆಮ್ಮತಾರೋ ಅವರಿಂದ ಹೆದರಿಕಿ.”

ಕಿಟಕಿ ಎಷ್ಟು, ಯಾರ ಜೊತೆ ಮಲಗುತ್ತೀರಿ ಎಂದು ಯಾಕೆ ಕೇಳುತ್ತಿದ್ದರು ಎಂಬುದು ಈಗ ತಿಳಿಯಿತು.

ಮಾತ್ರೆ ಶುರುವಾದ ಮರುದಿನ ಬೆಳಿಗ್ಗೆ ಪಾಯಖಾನೆಯಿಂದ ಕೂಗುತ್ತ ಓಡಿಬಂದೆ. ಮೂತ್ರ ಕೆಂಪಗಿತ್ತು. ಕೊನೆಗೂ ವಿಷ ಕೊಟ್ಟರು ಎಂದು ಹಾಸಿಗೆಯ ಮೇಲೆ ಕುಸಿದೆ. ಖೈರುನ್ಬಿ ದಿಂಬಿಗೆ ಒರಗಿಕೊಂಡೇ, “ನಂದೂ ಕೆಂಪಗಾಗೇದ ಅಕ್ಕಾ. ಆ ಕೆಂಪು ಗುಳಿಗಿ ಬಣ್ಣ ಅದು. ನಾ ನಿನಗಿಂತ ಮೊದಲ ಅತ್ತು ಮುಗಿಸೀನಿ,” ಎಂದಳು. ಹೇಳಲು ಮರೆತೆ ಎಂದು ಸಣ್ಣ ಡಾಕ್ಟರು ತಲೆ ಕೆರೆದುಕೊಂಡರು. ಆ ದಿನ ಅವರು ನನ್ನ ಬಾಯಿಂದ ಕೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಮಾನ್ವಿಗೆ ಮರಳಿದೆ. ನೋವು ಇಳಿಯುತ್ತ ಬಂತು, ಗಂಜಿಯಿಂದ ಅನ್ನಕ್ಕೆ ಏರಿದೆ. ಕಫದ ಡಬ್ಬಿಗಳನ್ನು ಸಣ್ಣ ಡಾಕ್ಟರು ನಮ್ಮವರ ಕೈಯಲ್ಲಿ ಕೊಟ್ಟಿದ್ದರು. ನಮ್ಮವರು ತಾವೂ ಕೊಟ್ಟು, ಅತ್ತೆಯದೂ ತೆಗೆದುಕೊಂಡು, ದೇವದುರ್ಗಕ್ಕೆ ಹೋಗಿ ನಮ್ಮವ್ವನದನ್ನೂ ತಂದು ರಾಯಚೂರಿಗೆ ಮುಟ್ಟಿಸಿದರು. ಅವ್ವ, “ನನ್ನ ಮಗಳಿಗೆ ಹಾಕಿದವರು ಬ್ಯಾರೆ, ಉಗುಳೋದು ನಾನೇನು?” ಎಂದು ಜಗಳ ತೆಗೆದಳಂತೆ. ವರದಿ ಬಂತು. ಯಾರ ಕಫದಲ್ಲೂ ಏನೂ ಇಲ್ಲ.

ಬದುಕಿದ್ದವರೆಲ್ಲ ಪಾರಾದ ಮೇಲೆ ಉಳಿದವನು ಸತ್ತುಹೋದ ನನ್ನ ಅಪ್ಪ.

“ನಾ ಮೊದಲ ಹೇಳಲಿಲ್ಲೇನು?” ಎಂದರು ಅತ್ತೆ. “ನಾ ಏನೂ ಕೆಟ್ಟವಳಲ್ಲ. ಪೂರಾ ಗುಣ ಆಗೂತನಕ ದೇವದುರ್ಗದಾಗ ಇರು. ಪದ್ದಿ ಇಲ್ಲೇ ಇರ್ತಾಳ.”

ನಮ್ಮವರು ಹೂಂ ಎಂದರು. ಪಂಚಾಂಗ ನೋಡಿ ನಾನು ಹೊರಡುವ ದಿನವನ್ನೂ ಗೊತ್ತುಮಾಡಿದರು. ಹೋದವಳನ್ನು ಮತ್ತೆ ಕರೆಸಿಕೊಳ್ಳುತ್ತಾರೆಂದು ನಾನು ನಂಬಿರಲಿಲ್ಲ. ಬಟ್ಟೆ ಮಡಿಸಿ ಟ್ರಂಕಿಗೆ ಇಡುತ್ತಿದ್ದೆ. ಒಳಕೋಣೆಯಲ್ಲಿ ಅತ್ತೆ ಕೆಮ್ಮಿದರು. ಪದ್ದಿಗೆ ಕಥೆ ಹೇಳುತ್ತ ಕೆಮ್ಮಿದರು, ಕಥೆ ನಿಲ್ಲಿಸಿ ಮತ್ತೆ ಕೆಮ್ಮಿದರು. ಅವತ್ತು ಅವರು ಒಲೆಯನ್ನೇ ಹಚ್ಚಿರಲಿಲ್ಲ, ಏಕಾದಶಿ. ಹೊಗೆಯಿಲ್ಲದೆ ಹೊಗೆಯ ಕೆಮ್ಮು ಎಲ್ಲಿಂದ ಬಂತು?

ಕೈಯಲ್ಲಿದ್ದ ಸೀರೆ ಕೆಳಗಿಟ್ಟು ನಮ್ಮವರ ಹತ್ತಿರ ಹೋದೆ.

“ಅತ್ಯಾನ ಕಫ ಯಾವಾಗ ತಗೊಂಡ್ರಿ?”

“ಬೆಳಿಗ್ಗೆ. ಬೆಳಿಗ್ಗೆ ತಗೋಬೇಕು ಅಂತ ಡಾಕ್ಟರು ಹೇಳಿದ್ರಲ್ಲ.”

“ಬೆಳಿಗ್ಗೆ ಅಂದ್ರ ಯಾವಾಗ?”

“ಸ್ನಾನ ಆಗಿ, ಬಾಯಿ ಮುಕ್ಕಳಿಸಿ, ತೀರ್ಥ ತಗೊಂಡ ಮ್ಯಾಲೆ. ಮಾರಿ ತೊಳೀಲಾರದ ಉಗುಳು ಊರ ಮಂದಿಗೆ ಹೆಂಗ ಕೊಡೋದು ಅಂದ್ಲು ಅವ್ವ. ಡಬ್ಬೀನೂ ಹುಣಸಿಹಣ್ಣು ಹಚ್ಚಿ ತೊಳದು, ಬಿಸಿನೀರು ಹಾಕಿ ಕೊಟ್ಲು.”

ದವಾಖಾನೆಯಲ್ಲಿ ನನ್ನ ಕಫ ತೆಗೆದುಕೊಂಡಾಗ ನರ್ಸು ಎದುರಿಗೆ ನಿಂತಿದ್ದಳು. ಎದ್ದ ಕೂಡಲೇ, ನೀರು ಮುಟ್ಟುವ ಮೊದಲು, ಎದೆಯ ಆಳದಿಂದ ಕೆಮ್ಮಿ ತೆಗೆದದ್ದೇ ಬೇಕು ಎಂದು ಗದರಿಸಿ ತೆಗೆಸಿದ್ದಳು. ಅತ್ತೆ ಕೊಟ್ಟದ್ದು ತುಳಸಿ ತೀರ್ಥ ಬೆರೆತ ಶುದ್ಧ ಜೊಲ್ಲು. ಅದರಲ್ಲಿ ಯಾವ ಡಾಕ್ಟರಿಗೆ ತಾನೇ ಏನು ಸಿಕ್ಕೀತು? ವರದಿ ಹೇಳಿದ್ದು ಅವರ ಮಡಿಯ ವಿಷಯ, ಎದೆಯ ವಿಷಯ ಅಲ್ಲವೇ ಅಲ್ಲ. ನನ್ನ ಮಗಳು ತಿಂಗಳುಗಳಿಂದ ಅದೇ ಎದೆಗೆ ಅಂಟಿಕೊಂಡು ಮಲಗುತ್ತಿದ್ದಳು. ನನ್ನಿಂದ ಉಳಿಸಲೆಂದು ಅಲ್ಲಿ ಮಲಗಿಸಿದ್ದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಉಳಿದಿದ್ದ ಡಬ್ಬಿ ಹಿಡಿದು ಹಿತ್ತಲ ಬಾಗಿಲಿಗೆ ಹೋಗಿ ಕೂತೆ. ಅತ್ತೆ ಎದ್ದು ಬಂದರು. ಸ್ನಾನಕ್ಕೆ ಮೊದಲು ಮಾತಾಡುವ ಪದ್ಧತಿ ಇಲ್ಲ. ಹುಬ್ಬು ಹಾರಿಸಿ ಏನು ಎಂದರು.

“ಅತ್ಯಾ, ಬಾಯಿ ತೊಳಿಯೂಕಿಂತ ಮೊದಲ ಇದರಾಗ ಕೆಮ್ಮಿ ಉಗುಳ್ರಿ.”

ಅವರ ಮುಖ ಕೆಂಪಾಯಿತು. ಮೌನ ಮುರಿಯಿತು.

“ಎಂಜಲ ಬಾಯಿಲೆ ಮಾತಾಡಸ್ತೀಯಲ್ಲ ನೀನು! ಕೊಟ್ಟೀನಿ, ಏನೂ ಇಲ್ಲಂತ ಬಂದದ. ನನ್ನ ತಲೀಗೆ ಕಟ್ಟಬೇಕಂತ ಮಾಡೀಯೇನು? ನಿಮ್ಮವ್ವ ಹೇಳಿಕೊಟ್ಟಾಳೇನು, ಅತ್ತಿ ಮದ್ದು ಹಾಕ್ಯಾಳ ಅಂತ?”

ಹರಕೆಯ ಸುಳ್ಳನ್ನು ಅವರು ಎಂದೋ ಹಿಡಿದುಹಾಕಿದ್ದರು. ನಾನು ಏಳಲಿಲ್ಲ.

“ನಾ ನಾಳೆ ದೇವದುರ್ಗಕ್ಕ ಹೋಗ್ತೀನ್ರಿ, ನೀವು ಹೇಳಿದಂಗ. ಆದ್ರ ಪದ್ದಿ ನಿಮ್ಮ ಮಗ್ಗಲಾಗ ಮಲಗ್ತದ. ನಿಮ್ಮ ಕೆಮ್ಮು ಹೊಗಿ ಕೆಮ್ಮು ಆಗಿದ್ರ ನಾ ಕಾಲಿಗೆ ಬೀಳ್ತೀನಿ. ಆಗಿರಲಿಲ್ಲಂದ್ರ?”

ಅತ್ತೆ ಏನೋ ಹೇಳಲು ಬಾಯಿ ತೆಗೆದರು, ಕೆಮ್ಮು ಬಂತು. ಸೆರಗು ಬಾಯಿಗೆ ಹಿಡಿದುಕೊಂಡರು. ಕೆಮ್ಮು ನಿಂತ ಮೇಲೆ ಸೆರಗನ್ನು ನೋಡಿಕೊಂಡು, ಥಟ್ಟನೆ ಮಡಚಿ ಮುಷ್ಟಿಯೊಳಗೆ ಅಡಗಿಸಿದರು. ಆ ಅಡಗಿಸುವ ರೀತಿ ಹೊಸದಾಗಿರಲಿಲ್ಲ. ಅವರು ಬಹಳ ದಿನಗಳಿಂದ ತಮ್ಮ ಸೆರಗನ್ನು ತಾವೇ ಸಂಶಯದಿಂದ ನೋಡಿಕೊಳ್ಳುತ್ತಿದ್ದರು. ಕೆಮ್ಮುವ ಹೆಂಗಸಿಗೆ ನೈವೇದ್ಯದ ಅಡುಗೆ ತಪ್ಪುತ್ತದೆ, ಮಠದ ಪಂಕ್ತಿಯಲ್ಲಿ ಬಡಿಸುವುದು ತಪ್ಪುತ್ತದೆ. ಅಷ್ಟು ಬಿಟ್ಟರೆ ಅವರಿಗೆ ಬೇರೆ ಬದುಕೇ ಇರಲಿಲ್ಲ.

ತುಳಸಿ ಕಟ್ಟೆಯ ಕಡೆ ತಿರುಗಿ ಕೇಳಿದರು.

“ಏನರ ಬಂತಂದ್ರ ಯಾರಿಗೆ ಹೇಳ್ತೀ?”

“ನನಗೂ ಹೇಳಂಗಿಲ್ರಿ ಡಾಕ್ಟರು. ಮೊದಲ ನಿಮಗ.”

ಅವರು ಡಬ್ಬಿ ತೆಗೆದುಕೊಂಡರು. ಗೋಡೆಯ ಕಡೆ ತಿರುಗಿ, ಮಡಿ ಮೈಲಿಗೆ ಎಲ್ಲ ಬಿಟ್ಟು, ಬಾಗಿ ಕೆಮ್ಮಿದರು.

ವರದಿಯ ದಿನ ನಾನು ದವಾಖಾನೆಯ ಬೆಂಚಿನ ಮೇಲೆ ಕೂತಿದ್ದೆ. ಅತ್ತೆ ಒಬ್ಬರೇ ಸಣ್ಣ ಡಾಕ್ಟರ ಕೋಣೆಗೆ ಹೋದರು. ಹೊರಗೆ ಬಂದವರು ನನ್ನ ಪಕ್ಕ ಕೂರದೆ, ಬೆಂಚಿನ ಆ ತುದಿಗೆ ಕೂತು ಸೆರಗು ಬಾಯಿಗೆ ಅಡ್ಡ ಹಿಡಿದರು.

“ನನ್ನಿಂದನ ಬಂದಿರಬೇಕಂತ, ಇಂದೂ.”

ಒಂದು ಕ್ಷಣ ಗೆದ್ದೆ ಎನ್ನಿಸಿತು. ಮರುಕ್ಷಣ ಪದ್ದಿಯ ನೆನಪಾಯಿತು. ಅತ್ತೆ ಅಳುತ್ತಿರಲಿಲ್ಲ. ಎದುರಿನ ಗೋಡೆ ನೋಡುತ್ತ, “ನಾನ ಎಲ್ಲಿಗರ ಹೋಗ್ತೀನಿ. ಯಾವುದರ ಮಠದಾಗ ಬಿದ್ದಿರ್ತೀನಿ. ನೀ ಕೂಸಿನ ಜೋಡಿ ಇರು,” ಎಂದರು. ಕೆಮ್ಮುವವಳನ್ನು ಯಾವ ಮಠದವರು ಇಟ್ಟುಕೊಳ್ಳುತ್ತಾರೆ?

“ಯಾರೂ ಎಲ್ಲಿಗೂ ಹೋಗೋದು ಬ್ಯಾಡ್ರಿ. ಗುಳಿಗಿ ಇಬ್ಬರಿಗೂ ಒಂದ ಅವ,” ಎಂದೆ.

ಪದ್ದಿಯ ತೋಳಿಗೆ ಚಿಕ್ಕ ಸೂಜಿ ಚುಚ್ಚಿ ಕಾದು ನೋಡಿದರು. ಎದೆಯ ಚಿತ್ರ ತೆಗೆದರು. ರೋಗ ಇರಲಿಲ್ಲ. ಮುಂಜಾಗ್ರತೆಗೆ ಒಂದು ಮಾತ್ರೆ ಬರೆದುಕೊಟ್ಟರು. ಅವಳು ನನ್ನ ಮಗ್ಗುಲಿಗೆ ಮರಳಿದ ದಿನ ನಾನು ಅತ್ತಷ್ಟು ರೋಗದಲ್ಲೂ ಅತ್ತಿರಲಿಲ್ಲ. ಅಜ್ಜಿಯ ಹತ್ತಿರ ಹೋಗುತ್ತೇನೆಂದು ಅವಳೂ ಅತ್ತಳು. ಕಿಟಕಿಯಾಚೆ ಕೂತು ಅಜ್ಜಿ ಕಥೆ ಹೇಳುವುದೆಂದು ಕೊನೆಗೆ ರಾಜಿಯಾಯಿತು. ದೇವದುರ್ಗದಿಂದ ಅವ್ವ ಬಂದು, “ಕಡೀಗೆ ಯಾರ ಕೈಲೆ ಬಂತು?” ಎಂದು ಕೇಳಿದಾಗ, ಗಾಳಿಯಿಂದ ಬಂತಂತೆ ಎಂದೆ. ಅವ್ವ ನಂಬಲಿಲ್ಲ. ಸಂಶಯ ನನಗೆ ತವರಿನಿಂದಲೇ ಬಂದದ್ದು.

ಆದರೆ ನಿಜವಾದ ಕಷ್ಟ ಆಮೇಲೆ ಇತ್ತು. ಆ ಕೆಂಪು ಗುಳಿಗೆಯ ಮೇಲಿನ ಕವಚವನ್ನು ಎಲುಬಿನಿಂದ ಮಾಡುತ್ತಾರೆಂದು ಯಾರೋ ಅತ್ತೆಯ ಕಿವಿಯಲ್ಲಿ ಊದಿದ್ದರು. ನುಂಗಿದೆ ಎಂದು ನೀರು ಕುಡಿದು ತೋರಿಸುತ್ತಿದ್ದರು. ಒಂದು ದಿನ ಹಿತ್ತಲ ಬಚ್ಚಲ ಕಲ್ಲಿನ ಮೇಲೆ ಕೆಂಪು ನೀರು ಹರಿದಿರುವುದನ್ನು ಕಂಡೆ. ಅಂದಿನಿಂದ ನಾನೇ ಕವಚ ಬಿಚ್ಚಿ ಪುಡಿಯನ್ನು ಚಮಚದಲ್ಲಿ ಕಲೆಸಿ ಕೊಡತೊಡಗಿದೆ. ಹಾಗೆ ಕೊಡಬಹುದೆಂದು ಸಣ್ಣ ಡಾಕ್ಟರನ್ನು ಕೇಳಿಕೊಂಡು ಬಂದಿದ್ದೆ.

“ನಾಲಗಿ ತೋರಸ್ರಿ. ಎತ್ರಿ. ಗಲ್ಲದಾಗೇನದ?”

“ನಾ ಏನು ಕಳ್ಳಿಯೇನು?” ಎಂದು ರೇಗಿ, ಕೆಂಪು ನಾಲಗೆ ತೋರಿಸಿ, “ಈಗ ನೀನೂ ತೋರಸು. ನಿನ್ನನ್ನ ಯಾರು ನಂಬ್ಯಾರ?” ಎನ್ನುತ್ತಿದ್ದರು. ಬೆಳಿಗ್ಗೆ ಹಿತ್ತಲ ಬಾಗಿಲಿನಲ್ಲಿ ನಾವಿಬ್ಬರೂ ಒಬ್ಬರ ಬಾಯೊಳಗೆ ಒಬ್ಬರು ಇಣುಕುವುದನ್ನು ಕಂಡು ನಮ್ಮವರು ಪೇಪರಿನ ಹಿಂದೆ ನಗುತ್ತಿದ್ದರು. ಮಾತ್ರೆ ತಂದ ವಾಕರಿಕೆಗೆ ಅತ್ತ ದಿನಗಳಿದ್ದವು, ಮಾತ್ರೆಯ ಜೊತೆಗೆ ಚುಚ್ಚುತ್ತಿದ್ದ ಸೂಜಿಯ ನೋವಿಗೆ ಇಬ್ಬರೂ ಮಗ್ಗುಲಾಗಿ ಮಲಗಿದ ದಿನಗಳಿದ್ದವು. ಒಬ್ಬಳೇ ಇದ್ದಿದ್ದರೆ ನಾನು ಎಂದೋ ನಿಲ್ಲಿಸಿಬಿಡುತ್ತಿದ್ದೆ. ಈಗ ಇದೇ ರೋಗದಲ್ಲಿರುವವರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಬಾಯಿ ನೋಡುವವರು ಮನೆಯಲ್ಲಿ ಒಬ್ಬರಿರಲಿ, ಅವರಿಗೆ ನಿಮ್ಮ ಮೇಲೆ ನಂಬಿಕೆ ಸ್ವಲ್ಪ ಕಡಿಮೆಯೇ ಇರಲಿ.

ನನ್ನ ಔಷಧ ಮೊದಲು ಮುಗಿಯಿತು. ಮತ್ತೆ ಆ ಬಿಳಿ ಔಷಧ ಕುಡಿಸಿ ಎಕ್ಸ್‌ರೇ ತೆಗೆದರು. ಇಕ್ಕಟ್ಟಾಗಿದ್ದ ಕರುಳು ತೆರೆದುಕೊಂಡಿತ್ತು. ಸಣ್ಣ ಡಾಕ್ಟರು ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಅಕ್ಕಪಕ್ಕ ಹಿಡಿದು, ಇದನ್ನು ನಾನು ಬರೆಯಬಹುದೇ ಎಂದು ಮೊದಲು ನನ್ನನ್ನೇ ಕೇಳಿದರು. ಬರೆಯಿರಿ ಎಂದೆ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಅತ್ತೆಗೆ ಪುಡಿ ಕಲೆಸಿದ ಚಮಚ ಕೊಟ್ಟೆ. ಅವರದು ಇನ್ನೂ ಕೆಲವು ತಿಂಗಳು ಉಳಿದಿತ್ತು. ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡರು. ನಾನು ಚಮಚ ತೊಳೆಯಲು ಎದ್ದೆ.

“ಯಾಕ, ನಿನ್ನವು ಮುಗದ್ವು ಅಂತ ನನ್ನ ಬಿಟ್ಟಿಯೇನು?” ಎಂದರು ಅತ್ತೆ. “ನುಂಗೀನಿ ಅಂದ್ರ ನಂಬ್ತೀಯೇನು ನೀನು?”

“ನಂಬಂಗಿಲ್ರಿ,” ಎಂದೆ.

ಅತ್ತೆ ಬೆಳಕಿನ ಕಡೆ ತಿರುಗಿ ಬಾಯಿ ತೆಗೆದರು.